ಗೋಡೆಯ ಮೇಲೊಂದು ತೊಯ್ದ ಕೌದಿ

ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಗುಡಿಗಳ ಅಂಗಳದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರಿಗೆ ಬಿಸಿಲೆಂದರೇನು ಎಂಬ ಪಾಠ ಬೇರೆ ಬೇಕಾಗುವುದಿಲ್ಲ. ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲುಗಳಲ್ಲೂ ಅದೇ ಬಿಸಿಲು. ಹಿಂದೆ ಈ ಸೀಮೆಯ ಮನೆಗಳಿಗೆ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದೆರಡು ಬೆಳಕಿಂಡಿ. ಹಗಲಿನ ಕಾವು ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಈಗ ಹೆಚ್ಚಿನವು ಕಾಂಕ್ರೀಟಿನ ಮನೆಗಳು. ಹಗಲೆಲ್ಲ ಕಾದ ಛತ್ತು ನಡುರಾತ್ರಿಯವರೆಗೂ ಮಲಗಿದವರ ಮುಖದ ಮೇಲೆ ಬಿಸಿ ಸುರಿಯುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಓದುವ ಮಗಳೋ, ವಯಸ್ಸಾದ ಆಯಿಯೋ ಮನೆಯಲ್ಲಿದ್ದರೆ, ಸಾಲ ಮಾಡಿಯಾದರೂ ಸರಿ, ಒಂದು ಕೋಣೆಗೆ ಏಸಿ ಕೂಡಿಸುತ್ತಾರೆ.

ಮೊದಲ ಬೇಸಿಗೆ ಸುಖವಾಗಿಯೇ ಕಳೆಯುತ್ತದೆ. ರೋಹಿಣಿ ಮಳೆ ಹನಿದು, ಮಿರಗ ಕೂಡಿ, ಶಾಲೆ ಶುರುವಾದ ಮೇಲೆ ಒಂದು ಸಂಜೆ ಮೋಡ ಕಟ್ಟಿ ಸೆಕೆಯಾಗುತ್ತದೆ. ಏಸಿ ಹಚ್ಚುತ್ತಾರೆ. ಮೊದಲ ಗಾಳಿ ಬೀಸುತ್ತಲೇ ಮಗಳು ಮೂಗು ಮುಚ್ಚಿಕೊಳ್ಳುತ್ತಾಳೆ.

"ಯವ್ವಾ, ತೊಯ್ದ ಕೌದಿ ವಾಸನಿ ಬರಾಕತ್ತೈತಿ ನೋಡ!"

"ನನಗೇನೂ ಬರವಲ್ದವಾ" ಎನ್ನುತ್ತಾನೆ ಅಲ್ಲೇ ಕುಳಿತ ಅಪ್ಪ.

ಇಬ್ಬರ ಮಾತೂ ನಿಜ. ಹೇಗೆ ಎಂಬುದನ್ನು ಮುಂದೆ ನೋಡಬಹುದು. ಆ ಸಂಜೆಯಿಂದ ಮನೆಯಲ್ಲಿ ಉಪಚಾರಗಳು ಮಾತ್ರ ಆರಂಭವಾಗುತ್ತವೆ. ಮೊದಲು ಊದುಬತ್ತಿ. ಆಮೇಲೆ ಅಂಗಡಿಯಿಂದ ತಂದ ಸುಗಂಧದ ಸ್ಪ್ರೇ. ಎರಡು ದಿನ ಮಲ್ಲಿಗೆಯೂ ಕೌದಿಯೂ ಕೂಡಿದ ಒಂದು ಮೂರನೆಯ ವಾಸನೆ ಬರುತ್ತದೆ. ಕೊನೆಗೆ ರಿಪೇರಿಯವನು ಬಂದು "ಗ್ಯಾಸ್ ಕಡಿಮಿ ಆಗೇತ್ರಿ" ಎಂದು ಸಾವಿರಾರು ರೂಪಾಯಿ ಹೇಳುತ್ತಾನೆ. ಎಲ್ಲ ರಿಪೇರಿಯವರೂ ಹೀಗೆ ಎಂದಲ್ಲ, ಒಳ್ಳೆಯ ಕೆಲಸಗಾರರು ಬೇಕಾದಷ್ಟಿದ್ದಾರೆ. ಆದರೆ ಒಂದು ಮಾತು ತಂದೆ ತಾಯಿಗಳಿಗೆ ತಿಳಿದಿರಬೇಕು. ಏಸಿಯೊಳಗಿನ ಅನಿಲ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಸ್ಕೂಟರಿನ ಪೆಟ್ರೋಲಿನಂತೆ ಅದು ಖರ್ಚಾಗುವ ವಸ್ತುವಲ್ಲ. ಎಲ್ಲಾದರೂ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ, ಆಗ ಕೋಣೆ ತಂಪಾಗುವುದೇ ನಿಲ್ಲುತ್ತದೆ. ಕೋಣೆ ಚೆನ್ನಾಗಿ ತಂಪಾಗುತ್ತಿದ್ದು ಮುಗ್ಗಲು ವಾಸನೆ ಬರುತ್ತಿದ್ದರೆ ಅದಕ್ಕೂ ಗ್ಯಾಸಿಗೂ ಸಂಬಂಧವಿಲ್ಲ. ಸಂಬಂಧವಿರುವುದು ನೀರಿಗೆ.

ಏಸಿ ಗಾಳಿಯನ್ನು ತಂಪು ಮಾಡುವ ಯಂತ್ರ ಎಂಬುದು ಎಲ್ಲರಿಗೂ ಗೊತ್ತು. ಗಾಳಿಯನ್ನು ಹಿಂಡುವ ಯಂತ್ರವೂ ಹೌದು ಎಂಬುದು ಹಲವರಿಗೆ ತಿಳಿಯದು. ಒಳಗಿನ ಪೆಟ್ಟಿಗೆಯಲ್ಲಿ ತಾಮ್ರದ ಅಥವಾ ಅಲ್ಯೂಮಿನಿಯಂ ಕೊಳವೆಗಳ ಸುರುಳಿ ಇರುತ್ತದೆ. ಅದರ ಮೇಲೆ ಪುಸ್ತಕದ ಹಾಳೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಅಲ್ಯೂಮಿನಿಯಂ ತಗಡುಗಳು. ಯಂತ್ರ ಓಡುವಾಗ ಈ ಸುರುಳಿ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗಾಗುತ್ತದೆ. ಕೋಣೆಯ ಗಾಳಿ ಅದರ ಮೂಲಕ ಹಾಯುತ್ತದೆ. ಹಾಯುವಾಗ ಆಗುವುದೇನೆಂದರೆ, ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಮಳೆಗಾಲದಲ್ಲಿ ಬೆವರುತ್ತದಲ್ಲ, ಅದೇ. ಗಾಳಿಯಲ್ಲಿದ್ದ ನೀರಿನ ಆವಿ ತಣ್ಣನೆಯ ಲೋಹ ಮುಟ್ಟಿ ಹನಿಯಾಗುತ್ತದೆ. ಹನಿಗಳು ತಗಡಿನ ಮೇಲಿಂದ ಇಳಿದು ಕೆಳಗಿನ ತಟ್ಟೆಗೆ, ಅಲ್ಲಿಂದ ಕೊಳವೆಯ ಮೂಲಕ ಹೊರಗೆ. ಗೋಡೆಯ ಹೊರಗೆ ಬಕೆಟ್ಟಿಗೆ ತೊಟ್ಟಿಕ್ಕುವ ನೀರು ಎಲ್ಲಿಂದಲೋ ಸೋರಿದ್ದಲ್ಲ. ಅದು ಕೋಣೆಯ ಗಾಳಿಯ ನೀರು.

ಹಾಗಾದರೆ ಬೇಸಿಗೆಯಲ್ಲಿ ಇಲ್ಲದ ವಾಸನೆ ಮಳೆ ಬಿದ್ದ ಮೇಲೇ ಏಕೆ? ಇಲ್ಲಿ ಪಟ್ಟದಕಲ್ಲಿನ ಹವೆಯೇ ಉತ್ತರ ಹೇಳುತ್ತದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಉಷ್ಣತೆ 38 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 20 ಎಂದು ಇಟ್ಟುಕೊಳ್ಳಿ. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಇರುವ ನೀರಾವಿ ಸುಮಾರು 9 ಗ್ರಾಂ. ಅದನ್ನು 11 ಡಿಗ್ರಿಯವರೆಗೆ ತಣಿಸಿದರೆ ಮಾತ್ರ ಇಬ್ಬನಿ ಕಟ್ಟುತ್ತದೆ. ಏಸಿಯ ಸುರುಳಿಯ ಉಷ್ಣತೆಯೂ ಅಷ್ಟೇ ಇರುವುದರಿಂದ ಅದು ಬಹುಪಾಲು ಒಣಗಿಯೇ ಇರುತ್ತದೆ. ಬಕೆಟ್ಟಿಗೆ ಬೀಳುವುದು ಮಲಗಿದವರ ಉಸಿರು ಬೆವರಿನ ಒಂದಿಷ್ಟು ಹನಿ. ಇನ್ನು ಮಳೆ ಹಿಡಿದ ಒಂದು ಸಂಜೆ. ಉಷ್ಣತೆ 28 ಡಿಗ್ರಿ, ಆರ್ದ್ರತೆ ಶೇಕಡಾ 80. ಈಗ ಘನ ಮೀಟರಿಗೆ ಸುಮಾರು 22 ಗ್ರಾಂ ನೀರು, 24 ಡಿಗ್ರಿಗೇ ಇಬ್ಬನಿ. ತಂಪಾದ ಸಂಜೆಯ ಗಾಳಿ, ಸುಡುವ ಮಧ್ಯಾಹ್ನದ ಗಾಳಿಗಿಂತ ಎರಡು ಪಟ್ಟಿಗೂ ಹೆಚ್ಚು ನೀರು ಹೊತ್ತಿದೆ! ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಗುಣಿಸಿ ನೋಡಿದರೆ, ಬರಿಗಣ್ಣಿಗೆ ಖಾಲಿ ಕಾಣುವ ಆ ಕೋಣೆಯಲ್ಲಿ ಮುಕ್ಕಾಲು ಲೀಟರ್ ನೀರು ತೇಲುತ್ತಿದೆ ಎಂದಾಯಿತು. ಬಾಗಿಲು ತೆರೆದಾಗಲೆಲ್ಲ ಹೊಸದು ಬಂದು ಸೇರುತ್ತದೆ. ಸುರುಳಿ ರಾತ್ರಿಯಿಡೀ ತೊಯ್ದು ತೊಪ್ಪೆಯಾಗಿರುತ್ತದೆ.

ಇಡೀ ವರ್ಷದಲ್ಲಿ 550ರಿಂದ 600 ಮಿಲಿಮೀಟರಿನಷ್ಟು ಮಳೆ ಕಾಣುವ ಬಯಲುಸೀಮೆಯಿದು. ಮಲೆನಾಡಿನವರಿಗೆ ಬೂಷ್ಟು ಹೊಸದಲ್ಲ. ಅಲ್ಲಿ ಚಪ್ಪಲಿಗೂ ಬೂಷ್ಟು, ಚರ್ಮದ ಪಟ್ಟಿಗೂ ಬೂಷ್ಟು. ಈ ಕಡೆಯವರಿಗೆ ಅದರ ರೂಢಿ ಕಡಿಮೆ. ಅದಕ್ಕೇ ಬಂದ ಕೂಡಲೇ ಏನೋ ಕೆಟ್ಟಿದೆ ಎಂದು ಗಾಬರಿ. ಏಸಿ ಕೆಟ್ಟಿರುವುದಿಲ್ಲ. ಮನೆಯೊಳಗೆ ಎರಡು ಗೇಣು ಮಲೆನಾಡು ಹುಟ್ಟಿಕೊಂಡಿರುತ್ತದೆ, ಅಷ್ಟೆ.

ಇಲ್ಲಿ ಒಂದು ಇತಿಹಾಸದ ಸಂಗತಿ ಹೇಳದೆ ಮುಂದೆ ಹೋಗಲಾಗದು. ಈಗಿನ ಏಸಿಯ ಮೂಲಪುರುಷನೆನಿಸಿದ ವಿಲಿಸ್ ಕ್ಯಾರಿಯರ್ 1902ರಲ್ಲಿ ತನ್ನ ಮೊದಲ ವ್ಯವಸ್ಥೆಯನ್ನು ರೂಪಿಸಿದ್ದು ಯಾರ ಸೆಕೆಯನ್ನೂ ಕಳೆಯುವುದಕ್ಕಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಉಬ್ಬಿ, ಒಂದರ ಮೇಲೊಂದು ಒತ್ತಬೇಕಾದ ಬಣ್ಣಗಳು ಜಾಗ ತಪ್ಪುತ್ತಿದ್ದವು. ಆ ತೇವವನ್ನು ಹಿಡಿತದಲ್ಲಿಡುವುದಕ್ಕೆ ಇಪ್ಪತ್ತೈದು ವರ್ಷದ ಈ ಇಂಜಿನಿಯರ್ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿದ. ಇಳಕಲ್ಲಿನ ನೇಕಾರರಿಗೆ ಈ ಕಥೆ ಬೇಗ ಅರ್ಥವಾದೀತು. ನೆಲದಲ್ಲಿ ಕುಣಿ ತೋಡಿ ಮಗ್ಗ ಕೂಡಿಸಿದರೆ ನೆಲದ ತಂಪಿಗೆ ನೂಲು ಹದವಾಗಿದ್ದು ಹರಿಯುವುದು ಕಡಿಮೆ ಎಂಬುದು ಅವರ ಹಿರಿಯರು ಕಂಡುಕೊಂಡ ವಿದ್ಯೆ. ಒಬ್ಬರಿಗೆ ತೇವ ಬೇಕು, ಇನ್ನೊಬ್ಬರಿಗೆ ಬೇಡ. ಗಾಳಿಯ ನೀರಿನ ಲೆಕ್ಕ ಮಾತ್ರ ಇಬ್ಬರಿಗೂ ಒಂದೇ.

ನೀರೊಂದೇ ಇದ್ದರೆ ವಾಸನೆ ಬರುವುದಿಲ್ಲ. ತಿನ್ನಲು ಏನಾದರೂ ಬೇಕು. ಅದನ್ನು ಕೋಣೆಯೇ ಒದಗಿಸುತ್ತದೆ. ಚರ್ಮದ ಸಣ್ಣ ಪದರುಗಳು, ಹಾಸಿಗೆಯ ನೂಲು, ಅಡುಗೆಯ ಎಣ್ಣೆ ಹೊಗೆ, ಹೊಲದ ಎರೆಮಣ್ಣಿನ ಧೂಳು, ಕಲ್ಲು ಕಡಿಯುವ ಕಡೆಯಿಂದ ಬಂದ ಪುಡಿ, ಎಲ್ಲವೂ ಗಾಳಿಯ ಜೊತೆ ಪೆಟ್ಟಿಗೆಯೊಳಗೆ ಹೋಗುತ್ತವೆ. ಜಾಳಿಗೆಯಂತಹ ಶೋಧಕ ದಪ್ಪ ಧೂಳನ್ನು ತಡೆಯುತ್ತದೆ, ನಯವಾದದ್ದು ದಾಟಿಹೋಗಿ ತೊಯ್ದ ತಗಡಿಗೆ ಅಂಟುತ್ತದೆ. ಕತ್ತಲೆ, ತೇವ, ಊಟ. ಬೂಷ್ಟಿನ ಬೀಜಾಣುಗಳು, ಬ್ಯಾಕ್ಟೀರಿಯಾಗಳು ಎಲ್ಲ ಗಾಳಿಯಲ್ಲೂ ಇರುತ್ತವೆ, ಅವುಗಳಿಗೆ ಇಂತಹ ಛತ್ರ ಸಿಕ್ಕಿದರೆ ಬಿಡುತ್ತವೆಯೆ? ತಗಡಿನ ಮೇಲೆ ಲೋಳೆಯಂತಹ ತೆಳು ಪದರ ಕಟ್ಟಿಕೊಂಡು ಸಂಸಾರ ಹೂಡುತ್ತವೆ. ಅವು ತಿಂದು ಬಿಟ್ಟ ಆವಿಗಳೇ ಮೂಗಿಗೆ ಬರುವ ಮುಗ್ಗಲು ವಾಸನೆ. ಅಮೆರಿಕದ ಕೆಲಸಗಾರರು ಇದಕ್ಕೆ ಇಟ್ಟಿರುವ ಹೆಸರು ಇನ್ನೂ ಮಜವಾಗಿದೆ. ಅವರು ಇದನ್ನು 'ಕೊಳೆ ಕಾಲುಚೀಲದ ರೋಗ' ಎನ್ನುತ್ತಾರೆ. ಅವರ ಕಾಲುಚೀಲ, ಇಲ್ಲಿಯ ಕೌದಿ.

ಈ ಆವಿಗಳಲ್ಲಿ ಒಂದರ ಪರಿಚಯ ವಿದ್ಯಾರ್ಥಿಗಳಿಗೆ ಇರಲೇಬೇಕು. ಅದರ ಹೆಸರು ಜಿಯೋಸ್ಮಿನ್. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಮಣ್ಣಿನ ವಾಸನೆ. ಸ್ಟ್ರೆಪ್ಟೊಮೈಸಿಸ್ ಎಂಬ ಗುಂಪಿನ ಮಣ್ಣಿನ ಬ್ಯಾಕ್ಟೀರಿಯಾಗಳು, ಕೆಲವು ಬೂಷ್ಟುಗಳು ಇದನ್ನು ತಯಾರಿಸುತ್ತವೆ. 1965ರಲ್ಲಿ ಅಮೆರಿಕದ ಗರ್ಬರ್ ಮತ್ತು ಲಶೆವಲಿಯೆ ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಬೀಟ್‌ರೂಟಿನಲ್ಲಿ ಬರುವ ಮಣ್ಣಿನ ವಾಸನೆಗೂ ಇದೇ ಕಾರಣ. ಮನುಷ್ಯನ ಮೂಗು ಇದರ ವಿಷಯದಲ್ಲಿ ಎಷ್ಟು ಸೂಕ್ಷ್ಮವೆಂದರೆ, ಒಂದು ಲಕ್ಷ ಕೋಟಿ ಭಾಗದಲ್ಲಿ ಐದಾರು ಭಾಗವಿದ್ದರೂ ಹಿಡಿದುಬಿಡುತ್ತದೆ. ಇದೇ ಜಿಯೋಸ್ಮಿನ್ ಒಣಗಿದ ಎರೆ ಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುತ್ತದೆ. ಆಗ ಎಲ್ಲರೂ ಅಂಗಳಕ್ಕೆ ಬಂದು ಉಸಿರೆಳೆದು "ಆಹಾ" ಎನ್ನುತ್ತಾರೆ. ಕಾದ ಮಣ್ಣಿನ ಈ ಪರಿಮಳಕ್ಕೆ ಪೆಟ್ರಿಕೋರ್ ಎಂದು ಹೆಸರು ಕೊಟ್ಟವರು ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್, 1964ರಲ್ಲಿ. ಉತ್ತರಪ್ರದೇಶದ ಕನೌಜಿನವರಂತೂ ಸುಟ್ಟ ಮಣ್ಣನ್ನು ಬಟ್ಟಿಯಿಳಿಸಿ ಮಣ್ಣಿನ ಅತ್ತರನ್ನೇ ಮಾಡಿ ಮಾರುತ್ತಾರೆ. ಹೊಲದಲ್ಲಿದ್ದರೆ ಅತ್ತರು, ಕೋಣೆಯಲ್ಲಿದ್ದರೆ ಹೇಸಿಗೆ. ಇದು ಬರೀ ಮನಸ್ಸಿನ ಆಟ ಎಂದು ತಳ್ಳಿಹಾಕುವಂತಿಲ್ಲ. ಹೊಲದ ವಾಸನೆ ಗಾಳಿಗೆ ಚದುರಿ ಗಂಟೆಯೊಳಗೆ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಅದೇ ಗಾಳಿ ಸುತ್ತಿ ಸುತ್ತಿ ಬಂದು, ಬೂಷ್ಟಿನ ಬೀಜಾಣುಗಳನ್ನೂ ಹೊತ್ತು, ಎಂಟು ತಾಸು ಮಲಗಿದವರ ಎದೆಗೆ ಇಳಿಯುತ್ತದೆ.

ಇನ್ನು ಅಪ್ಪ ಮಗಳ ತಕರಾರು. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕುಳಿತರೆ ಮೂಗು ಅದನ್ನು ವರದಿ ಮಾಡುವುದನ್ನು ನಿಲ್ಲಿಸುತ್ತದೆ. ಮೂಗಿನ ನರಗಳೂ ಮಿದುಳೂ ಬದಲಾಗದ ಸುದ್ದಿಗೆ ಬೆಲೆ ಕೊಡುವುದಿಲ್ಲ. ಕೋಣೆಯಲ್ಲಿ ಮೊದಲಿಂದ ಇದ್ದವರಿಗೆ ವಾಸನೆಯಿಲ್ಲ, ಈಗ ತಾನೆ ಒಳಗೆ ಬಂದವರಿಗೆ ಇದೆ. ಆದ್ದರಿಂದ ಮನೆಯವರು ಪರೀಕ್ಷೆ ಮಾಡುವುದಾದರೆ ಹತ್ತು ನಿಮಿಷ ಹೊರಗಿನ ಗಾಳಿಯಲ್ಲಿ ನಿಂತು ಬಂದು, ಯಂತ್ರ ಹಚ್ಚಿದ ಮೊದಲ ಒಂದು ನಿಮಿಷದಲ್ಲೇ ಮೂಸಿ ನೋಡಬೇಕು. ಮನೆಗೆ ಬಂದ ನೆಂಟರು "ಏನೋ ವಾಸನಿ ಐತಲ್ರಿ" ಎಂದರೆ ಸಿಟ್ಟಾಗಬಾರದು. ಅವರ ಮೂಗು ಆಗ ಮನೆಯವರ ಮೂಗಿಗಿಂತ ಒಳ್ಳೆಯ ಉಪಕರಣ.

ವಾಸನೆ ಬಂದರೆ ಬರಲಿ, ಅದರಿಂದ ಏನಾಗುತ್ತದೆ ಎನ್ನುವವರಿದ್ದಾರೆ. ಗಟ್ಟಿಮುಟ್ಟಾದ ದೊಡ್ಡವರಿಗೆ ಹೆಚ್ಚೇನೂ ಆಗದೆ ಇರಬಹುದು. ಆದರೆ ತೇವ ಹಿಡಿದ, ಬೂಷ್ಟು ಬೆಳೆದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಗುಂಯ್‌ಗುಟ್ಟುವ ಉಸಿರು, ಅಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟಿನ ಕುರಿತು ಹೊರತಂದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಜೂನ್ ಜುಲೈಯಲ್ಲಿ ಮಗು ಬೆಳಗಾದರೆ ಸಾಲಾಗಿ ಸೀನುತ್ತದೆ, ಮೂಗು ಕಟ್ಟುತ್ತದೆ, ಶಾಲೆಯಲ್ಲಿ ತೂಕಡಿಸುತ್ತದೆ. "ಮಳಿ ಹವಾ" ಎಂದು ಸಿರಪ್ಪಿನ ಬಾಟಲಿ ತರುತ್ತಾರೆ. ರಜೆಗೆ ಅಜ್ಜಿಯ ಊರಿಗೆ ಹೋದಾಗ ಮಗು ನೆಟ್ಟಗಿದ್ದು, ಮನೆಗೆ ಬಂದ ಎರಡೇ ರಾತ್ರಿಗೆ ಮತ್ತೆ ಶುರುವಾದರೆ ಒಮ್ಮೆ ತಲೆ ಎತ್ತಿ ಗೋಡೆಯ ಪೆಟ್ಟಿಗೆಯನ್ನೂ ನೋಡಬೇಕು. ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಮೊದಲು ವೈದ್ಯರು, ಪೆಟ್ಟಿಗೆ ಆಮೇಲೆ. ಆದರೆ ಕೋಣೆಯಲ್ಲಿ ಮುಗ್ಗಲು ವಾಸನೆ ಇದೆ ಎಂಬ ಸಂಗತಿಯನ್ನು ವೈದ್ಯರಿಗೆ ಹೇಳಲು ಮರೆಯಬಾರದು. ಅದು ಅವರಿಗೆ ಉಪಯೋಗಕ್ಕೆ ಬರುವ ಮಾಹಿತಿ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಊರಿಗೂ ನೀರು ನುಗ್ಗಿದ್ದು ಹಲವರಿಗೆ ನೆನಪಿರುತ್ತದೆ. ಹಾಗೆ ನೆರೆ ಕುಡಿದ ಗೋಡೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಅಂತಹ ಕೋಣೆಯಲ್ಲಿ ಏಸಿಯನ್ನು ಎಷ್ಟು ತೊಳೆದರೂ ವಾಸನೆ ಹೋಗದು, ಏಕೆಂದರೆ ವಾಸನೆ ಗೋಡೆಯದು. ಛತ್ತು ಸೋರುವ ಕೋಣೆಗೂ, ಮಳೆಗಾಲದಲ್ಲಿ ಹಸಿ ಬಟ್ಟೆ ಹರವುವ ಕೋಣೆಗೂ ಇದೇ ಮಾತು. ಯಂತ್ರ ಬಂದ್ ಇದ್ದಾಗಲೂ ವಾಸನೆ ಇದ್ದರೆ ಕೋಣೆಯದು, ಹಚ್ಚಿದಾಗ ಮಾತ್ರ ಬಂದರೆ ಯಂತ್ರದ್ದು. ಇದು ಮೊದಲ ಪರೀಕ್ಷೆ.

ವಾಸನೆಯ ಜಾತಿಯನ್ನೂ ಗುರುತಿಸಬೇಕು. ಕೌದಿ, ಕಾಲುಚೀಲ, ಹಳೆಯ ಗೋಣಿಚೀಲದ ವಾಸನೆಯಾದರೆ ಬೂಷ್ಟು. ಗಟಾರದ ವಾಸನೆಯಾದರೆ ನೀರು ಹೋಗುವ ಕೊಳವೆಯನ್ನು ಯಾರೋ ನೇರವಾಗಿ ಬಚ್ಚಲ ಗಟಾರಕ್ಕೆ ಸೇರಿಸಿದ್ದಾರೆ, ಅಲ್ಲಿಯ ಗಾಳಿ ಹಿಂದಕ್ಕೆ ಏರಿ ಬರುತ್ತಿದೆ. ಸತ್ತ ವಾಸನೆಯಾದರೆ ಹಲ್ಲಿಯೋ ಇಲಿಯೋ ಒಳಗೆ ಸಿಕ್ಕಿದೆ. ಸುಟ್ಟ ರಬ್ಬರು, ಸುಟ್ಟ ವೈರಿನ ವಾಸನೆಯಾದರೆ ಯೋಚಿಸುತ್ತ ನಿಲ್ಲಬಾರದು. ಕೂಡಲೇ ಮೇನ್ ಸ್ವಿಚ್ ಇಳಿಸಿ ಬಲ್ಲವರನ್ನು ಕರೆಸಬೇಕು.

ಬೂಷ್ಟೆಂದು ಗೊತ್ತಾದ ಮೇಲೆ ಕೆಲಸ ಶೋಧಕದಿಂದ ಶುರು. ಇದನ್ನು ಹೈಸ್ಕೂಲಿನ ಹುಡುಗ ಹುಡುಗಿಯರೂ ದೊಡ್ಡವರು ಎದುರಿಗಿದ್ದಾಗ ಮಾಡಬಹುದು. ರಿಮೋಟಿನಿಂದ ನಿಲ್ಲಿಸಿದರೆ ಸಾಲದು, ಏಸಿಯ ಸ್ವಿಚ್ಚನ್ನೇ ಇಳಿಸಬೇಕು. ಮುಂದಿನ ಮುಚ್ಚಳ ಎತ್ತಿದರೆ ಜಾಳಿಗೆಯ ಎರಡು ಚೌಕಟ್ಟುಗಳು ಕೈಗೆ ಬರುತ್ತವೆ. ನಲ್ಲಿಯ ಕೆಳಗೆ ಹಿಂಬದಿಯಿಂದ ನೀರು ಬಿಡಬೇಕು. ಧೂಳು ಕೂತಿರುವ ಕಡೆಯಿಂದಲೇ ಬಿಟ್ಟರೆ ಅದು ಕಣ್ಣುಗಳಲ್ಲಿ ಇನ್ನೂ ಒತ್ತಿ ಕೂಡುತ್ತದೆ. ಜಿಡ್ಡಿದ್ದರೆ ಒಂದಿಷ್ಟು ಸಾಬೂನು. ಕುದಿಯುವ ನೀರಾಗಲಿ ಸುಡುವ ಬಿಸಿಲಾಗಲಿ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು. ಹಸಿಯಿದ್ದಾಗಲೇ ಹಾಕಿದರೆ ಬೂಷ್ಟಿಗೆ ನೀರುಣಿಸಿದಂತೆ. ಈ ಧೂಳಿನ ಸೀಮೆಯಲ್ಲಿ ಏಸಿ ದಿನಾ ಓಡುವ ಕಾಲಕ್ಕೆ ಹದಿನೈದು ದಿನಕ್ಕೊಮ್ಮೆ ಇದು ಆಗಬೇಕು.

ಶೋಧಕ ತೆಗೆದಾಗ ಟಾರ್ಚ್ ಹಿಡಿದು ಒಳಗೆ ಇಣುಕಿದರೆ ಅಲ್ಯೂಮಿನಿಯಂ ತಗಡುಗಳು ಕಾಣುತ್ತವೆ. ತೆಳುವಾಗಿ ಧೂಳು ಕೂತಿದ್ದರೆ ಮೆತ್ತನೆಯ ಬಣ್ಣದ ಕುಂಚದಿಂದ, ತಗಡುಗಳ ನಿಲುವಿನ ದಿಕ್ಕಿನಲ್ಲೇ, ಮೇಲಿನಿಂದ ಕೆಳಕ್ಕೆ ಹಗುರವಾಗಿ ಎಳೆಯಬಹುದು. ಅಡ್ಡ ಉಜ್ಜಿದರೆ ತಗಡು ಮಡಚಿ ಗಾಳಿಯ ದಾರಿ ಮುಚ್ಚುತ್ತದೆ. ಅಂಚುಗಳು ಬ್ಲೇಡಿನಂತೆ ಕೈ ಕೊಯ್ಯುತ್ತವೆ ಎಂಬುದೂ ನೆನಪಿರಲಿ. ಸ್ಕ್ರೂ ಡ್ರೈವರಿನಿಂದ ಕೆದಕುವುದಂತೂ ಕೂಡದೇ ಕೂಡದು. ಕೊಳವೆಗೆ ತೂತಾದರೆ ಅನಿಲವೆಲ್ಲ ಹೋಗುತ್ತದೆ, ಈಗಿನ ಹಲವು ಯಂತ್ರಗಳಲ್ಲಿರುವ ಆರ್-32 ಅನಿಲ ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವಂಥದ್ದು. ತಗಡುಗಳ ಹಿಂದೆ, ಗಾಳಿ ಹೊರಬೀಳುವ ಬಾಯಿಯ ಒಳಗೆ, ಉರುಳೆಯಂತಹ ಒಂದು ಫ್ಯಾನು ತಿರುಗುತ್ತದೆ. ಅದರ ರೆಕ್ಕೆಗಳ ಮೇಲೆ ಕರಿ ಚುಕ್ಕೆ, ಕರಿ ಲೋಳೆ ಕಂಡರೆ ಮನೆಯವರ ಕೈಯಲ್ಲಿ ಆಗುವ ಕೆಲಸವಲ್ಲ. ರಿಪೇರಿಯವರು ಗೋಡೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ವಿದ್ಯುತ್ ಹಲಗೆಗೆ ನೀರು ತಾಗದಂತೆ ಮುಚ್ಚಿ, ಪಂಪಿನಿಂದ ತೊಳೆಯುತ್ತಾರೆ. ಕೆಳಗಿನ ಬಕೆಟ್ಟಿಗೆ ಬೀಳುವ ನೀರು ಮೊದಲು ಕಪ್ಪಗೆ ಬಂದು ಆಮೇಲೆ ತಿಳಿಯಾಗುವವರೆಗೂ ಅಲ್ಲೇ ನಿಂತು ನೋಡಬೇಕು. ಬರೀ ಶೋಧಕ ಝಾಡಿಸಿ 'ಸರ್ವೀಸ್ ಆಯ್ತ್ರಿ' ಎಂದರೆ ದುಡ್ಡು ಕೊಡುವ ಅಗತ್ಯವಿಲ್ಲ.

ಎಲ್ಲರೂ ಮರೆಯುವುದು ಕೊಳವೆಯನ್ನು. ಅದು ಗೋಡೆಯಿಂದ ಹೊರಬಂದ ಮೇಲೆ ಎಲ್ಲೂ ಮೇಲೇರದೆ ಇಳಿಜಾರಾಗಿಯೇ ಸಾಗಬೇಕು. ನಡುವೆ ಜೋಲು ಬಿದ್ದರೆ ಅಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಇನ್ನು ಬಹಳ ಮನೆಗಳಲ್ಲಿ ಕೊಳವೆಯ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿರುತ್ತದೆ. ಒಳಗಿನ ಗಾಳಿ ಹೊರಬರಲು ದಾರಿಯಿಲ್ಲದೆ ನೀರು ತಡವರಿಸಿ ತಟ್ಟೆಯಲ್ಲೇ ನಿಲ್ಲುತ್ತದೆ. ತುದಿಯನ್ನು ನೀರಿನಿಂದ ಗೇಣು ಮೇಲಕ್ಕೆ ಕಟ್ಟಿದರೆ ಸಾಕು. ಕಾಸು ಖರ್ಚಿಲ್ಲದ ಇಷ್ಟು ಕೆಲಸದಿಂದಲೇ ವಾಸನೆ ಅರ್ಧ ಇಳಿದ ಮನೆಗಳುಂಟು.

ತೊಳೆದದ್ದು ಮತ್ತೆ ಮುಗ್ಗದಂತೆ ನೋಡಿಕೊಳ್ಳುವುದು ಮುಖ್ಯ. ಅದಕ್ಕೆ ಮದ್ದು ಒಂದೇ, ಒಣಗಿಸುವುದು. ತೊಯ್ದ ಕೌದಿಯನ್ನು ಯಾವ ಅವ್ವನೂ ಹಾಗೇ ಮಡಚಿ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಏಸಿಯನ್ನು ಮಾತ್ರ ನಸುಕಿನಲ್ಲಿ ಎದ್ದು, ಸುರುಳಿಯಿಂದ ನೀರು ಇಳಿಯುತ್ತಿರುವಾಗಲೇ ಟಕ್ಕೆಂದು ಬಂದ್ ಮಾಡಿ ಹೋಗುತ್ತಾರೆ. ಕತ್ತಲೆ ಪೆಟ್ಟಿಗೆಯಲ್ಲಿ ಆ ನೀರು ಹಗಲಿಡೀ ಹಾಗೇ ಇರುತ್ತದೆ. ಇದರ ಬದಲು ರಿಮೋಟಿನಲ್ಲಿ ಫ್ಯಾನಿನ ಗುರುತಿಗೆ ತಂದು, ತಂಪು ನಿಲ್ಲಿಸಿ, ಬರೀ ಗಾಳಿಯನ್ನು ಇಪ್ಪತ್ತು ಮೂವತ್ತು ನಿಮಿಷ ಓಡಿಸಬೇಕು. ಹೊಸ ಯಂತ್ರಗಳಲ್ಲಿ ಕೆಲವು ಇದನ್ನು ತಾವೇ ಮಾಡಿಕೊಳ್ಳುತ್ತವೆ. ಜನ ಅದು ಕೆಟ್ಟಿದೆ ಎಂದು ತಿಳಿದು ಸ್ವಿಚ್ ಇಳಿಸಿಬಿಡುತ್ತಾರೆ! ಹೀಗೆ ಒಣಗಿಸುವಾಗ ಸುರುಳಿಯ ನೀರು ಮತ್ತೆ ಆವಿಯಾಗಿ ಕೋಣೆಗೇ ಬರುವುದರಿಂದ ಆ ಹೊತ್ತಿನಲ್ಲಿ ಕಿಟಕಿ ತೆರೆದಿರಬೇಕು. ಮಳೆ ಹಿಡಿದ ದಿನಗಳಲ್ಲಿ ಇದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತದೆ.

ಕಿಟಕಿಯ ಮಾತು ಬಂದದ್ದರಿಂದ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ಮನೆಗಳಲ್ಲಿ ಇರುವಂತಹ, ಎರಡು ಪೆಟ್ಟಿಗೆಗಳ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ತರುವುದಿಲ್ಲ. ಗೋಡೆ ದಾಟಿ ಹೋಗುವುದು ಅನಿಲದ ಕೊಳವೆ, ವೈರು, ನೀರಿನ ಕೊಳವೆ, ಇಷ್ಟೇ. ಒಳಗಿನ ಗಾಳಿಯೇ ಮತ್ತೆ ಮತ್ತೆ ತಿರುಗುತ್ತದೆ. ಮೂವರು ಮಕ್ಕಳು ಬಾಗಿಲು ಹಾಕಿಕೊಂಡು ಓದುವ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ತೂಕಡಿಕೆ ಬರುವುದು ಪಾಠದ ತಪ್ಪಲ್ಲ. ಬೆಳಗ್ಗೆ ಸಂಜೆ ಅರ್ಧ ತಾಸು ಕಿಟಕಿ ತೆರೆದಿಡುವುದು ಖರ್ಚಿಲ್ಲದ ಕೆಲಸ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೆ ಶಾಲೆಯ ಪ್ರವಾಸ ಹೋದ ಮಕ್ಕಳು ಕಂಬದ ಮೇಲಿನ ರಾಮಾಯಣ ಮಹಾಭಾರತ ನೋಡಿ ಬರುತ್ತಾರೆ. ಗೋಡೆಯಲ್ಲಿ ಕಲ್ಲನ್ನೇ ಕೊರೆದು ಮಾಡಿದ ಜಾಲಂಧ್ರಗಳ ಎದುರು ಒಂದು ನಿಮಿಷ ಕೈ ಹಿಡಿದು ನಿಂತರೆ, ಅಷ್ಟು ದಪ್ಪ ಗೋಡೆಯೊಳಗೆ ಬೆಳಕಿನ ಜೊತೆ ಗಾಳಿಗೂ ದಾರಿ ಬಿಟ್ಟದ್ದು ಕೈಗೇ ತಿಳಿಯುತ್ತದೆ.

ಮಾಡಬಾರದ್ದರಲ್ಲಿ ಒಂದು ಪ್ರಾಣಕ್ಕೇ ಬರುವಂಥದ್ದು. ಬೂಷ್ಟು ಕೊಲ್ಲುತ್ತೇವೆಂದು ಕೆಲವರು ಬ್ಲೀಚಿಂಗ್ ದ್ರಾವಣ ಸಿಂಪಡಿಸುತ್ತಾರೆ, ಸಾಲದೆಂದು ಶೌಚಾಲಯ ತೊಳೆಯುವ ಆ್ಯಸಿಡ್ಡನ್ನೂ ಸೇರಿಸುತ್ತಾರೆ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟ ಅನಿಲ ಅದೇ. ಮುಚ್ಚಿದ ಕೋಣೆಯಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಬೇರೆ ಬೇರೆಯಾಗಿ ಹಾಕಿದರೂ ಬ್ಲೀಚೂ ಆ್ಯಸಿಡ್ಡೂ ಅಲ್ಯೂಮಿನಿಯಂ ತಗಡನ್ನು ತಿಂದುಹಾಕುತ್ತವೆ. ಊದುಬತ್ತಿಯ ಹೊಗೆ, ಸುಗಂಧದ ಎಣ್ಣೆ ಹನಿಗಳು ಅಷ್ಟು ಅಪಾಯವಲ್ಲ, ಆದರೆ ಹೋಗಿ ತೊಯ್ದ ತಗಡಿಗೇ ಅಂಟಿ ಧೂಳಿಗೆ ಗೋಂದಿನ ಕೆಲಸ ಮಾಡುತ್ತವೆ.

ಏಸಿಗಿಂತ ಹೆಚ್ಚು ಮನೆಗಳಲ್ಲಿರುವುದು ಕೂಲರ್. ಬೇಸಿಗೆಯ ಒಣ ಗಾಳಿಗೆ ಅದೇ ತಕ್ಕ ಯಂತ್ರ, ಕರೆಂಟೂ ಕಡಿಮೆ. ಅದು ಗಾಳಿಯಿಂದ ನೀರು ಹಿಂಡುವುದಿಲ್ಲ, ಗಾಳಿಗೆ ನೀರು ಕುಡಿಸುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅದರಿಂದ ತಂಪಿಲ್ಲ, ಬರೀ ಹಸಿ. ಅದರ ನಾರಿನ ಹಾಸು, ತೊಟ್ಟಿ ಎರಡೂ ಸದಾ ನೆನೆದಿರುವುದರಿಂದ ಮೀನಿನಂತಹ ವಾಸನೆ ಬೇಗ ಬರುತ್ತದೆ. ಬೋರಿನ ಗಡಸು ನೀರಾದರೆ ಹಾಸಿನ ಮೇಲೆ ಬಿಳಿ ಸುಣ್ಣವೂ ಕಟ್ಟುತ್ತದೆ. ನಿಂತ ನೀರಿನ ಅಪಾಯ ದೊಡ್ಡದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮ್ಮೇಳನಕ್ಕೆ ಬಂದವರಲ್ಲಿ ಹಲವರು ವಿಚಿತ್ರ ನ್ಯುಮೋನಿಯಾದಿಂದ ಸತ್ತರು. ಅದಕ್ಕೆ ಕಾರಣವಾದ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಮರುವರ್ಷ ಗುರುತಿಸಿದರು, ಕಟ್ಟಡದ ತಂಪು ವ್ಯವಸ್ಥೆಯ ನೀರಿನ ಸೂಕ್ಷ್ಮ ಹನಿಗಳಿಂದ ಹರಡಿತೆಂದು ತಿಳಿಯಲಾಗಿದೆ. ಮನೆಯ ಏಸಿ ನೀರನ್ನು ಹಾಗೆ ಚಿಮ್ಮಿಸುವುದಿಲ್ಲವಾದ್ದರಿಂದ ಅದಕ್ಕೆ ಈ ಭಯ ಹಚ್ಚಬೇಕಾಗಿಲ್ಲ. ಕೂಲರಿನ ತೊಟ್ಟಿಯಲ್ಲಿ ಹತ್ತಿರದ ಭಯ ಬೇರೆ, ಡೆಂಗಿ ಹರಡುವ ಸೊಳ್ಳೆ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ವಾರ ಹತ್ತು ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿ ಬಗ್ಗಿಸಿ, ಒಳಬದಿಯನ್ನು ಉಜ್ಜಿ, ಒಣಗಿಸಿ ತುಂಬಬೇಕು. ಬೇಸಿಗೆ ಮುಗಿದೊಡನೆ ಹಾಸನ್ನು ಬಿಸಿಲಿಗೆ ಹಾಕಿ, ಕೂಲರನ್ನು ಒಣಗಿಸಿಯೇ ಅಟ್ಟಕ್ಕೆ ಏರಿಸಬೇಕು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಏಸಿಯ ಕೊಳವೆಯ ಕೆಳಗೆ ಅಳತೆಯ ಗುರುತಿರುವ ಬಕೆಟ್ ಇಟ್ಟು, ರಾತ್ರಿ ಎಷ್ಟು ತಾಸು ಓಡಿತು, ಬೆಳಗ್ಗೆ ಎಷ್ಟು ನೀರು ಬಿತ್ತು ಎಂದು ವಹಿಯಲ್ಲಿ ಬರೆದಿಡಬೇಕು. ಉಷ್ಣತೆಯ ಗುಂಡಿ ಎಲ್ಲ ದಿನವೂ ಒಂದೇ ಇರಲಿ. ಭಾರತದಲ್ಲಿ 2020ರಿಂದ ಸ್ಟಾರ್ ಗುರುತಿನ ಏಸಿಗಳು 24 ಡಿಗ್ರಿಯಿಂದಲೇ ಶುರುವಾಗುವಂತೆ ನಿಯಮವಿದೆ, ಅದೇ ಆದೀತು. ಏಪ್ರಿಲಿನ ಒಂದು ವಾರ, ಜುಲೈನ ಒಂದು ವಾರ. ಎರಡನ್ನೂ ನಕ್ಷೆಯ ಹಾಳೆಯ ಮೇಲೆ ಗೆರೆ ಎಳೆದರೆ ಮೇಲಿನ 9 ಗ್ರಾಂ, 22 ಗ್ರಾಂ ಲೆಕ್ಕ ಕಣ್ಣಿಗೆ ಕಾಣುತ್ತದೆ. ಮಳೆಗಾಲದಲ್ಲಿ ಒಂದು ಟನ್ನಿನ ಏಸಿ ತಾಸಿಗೆ ಒಂದು ಲೀಟರಿನಷ್ಟು ನೀರು ಇಳಿಸುವುದುಂಟು. ಟನ್ ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ತಾಸಿನಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಹೊರಹಾಕುವ ಶಕ್ತಿ, ಅಂದರೆ ಸುಮಾರು ಮೂರೂವರೆ ಕಿಲೋವಾಟ್. ಒಂದು ಲೀಟರ್ ಆವಿ ನೀರಾಗುವಾಗ ಬಿಡುವ ಶಾಖ ಸುಮಾರು 24 ಲಕ್ಷ ಜೂಲ್. ಹಾಗಾದರೆ ಏಸಿಯ ಶಕ್ತಿಯಲ್ಲಿ ಎಷ್ಟನೆಯ ಪಾಲು ಬರೀ ಗಾಳಿ ಹಿಂಡುವುದಕ್ಕೆ ಹೋಯಿತು? ಐದನೆಯ ಒಂದು ಪಾಲಿನ ಹತ್ತಿರ ಬಂದರೆ ಲೆಕ್ಕ ಸರಿ.

ಜುಲೈನಲ್ಲಿ ಬಕೆಟ್ಟಿನಲ್ಲಿ ಏನೂ ಬೀಳದಿದ್ದರೆ ಸಂತೋಷಪಡಬಾರದು. ಕೊಳವೆ ಎಲ್ಲೋ ಕಟ್ಟಿದೆ, ನೀರು ಒಳಗೇ ನಿಂತಿದೆ ಎಂದರ್ಥ. ಬಿದ್ದ ನೀರು ಬಟ್ಟಿಯಿಳಿಸಿದ ನೀರಿನಂತೆ ತಿಳಿಯಾಗಿ ಕಂಡರೂ ಅದರಲ್ಲಿ ಸುರುಳಿಯ ಧೂಳು, ಬೂಷ್ಟು, ಒಂದಿಷ್ಟು ಲೋಹ ಕರಗಿರುತ್ತದೆ. ಕುಡಿಯಲು ಬಾರದು, ಇನ್ವರ್ಟರಿನ ಬ್ಯಾಟರಿಗೂ ಬೇಡ. ನೆಲ ಒರೆಸುವುದಕ್ಕೆ, ಅಂಗಳದ ಹೂವಿನ ಗಿಡಗಳಿಗೆ ಧಾರಾಳವಾಗಿ ಬಳಸಬಹುದು.